ಆರನೇ ಪದರವನ್ನು ಹಾರಿಸಿ ಓದಬೇಡಿ!

ಇಂಜಿನಿಯರಿಂಗ್ ಕಾಲೇಜುಗಳ ಕನ್ನಡದ ಹುಡುಗ ಹುಡುಗಿಯರೇ,

ನಾಳೆ ಬೆಳಿಗ್ಗೆ ಕಂಪ್ಯೂಟರ್ ನೆಟ್‌ವರ್ಕ್ಸ್ ಪರೀಕ್ಷೆ ಅಂತ ಇಟ್ಟುಕೊಳ್ಳಿ. ರಾತ್ರಿ ಹಾಸ್ಟೆಲಿನಲ್ಲಿ ಏನು ನಡೆಯುತ್ತದೆ ಎಂಬುದು ನಮಗೆ ಗೊತ್ತು. ಓಎಸ್‌ಐ ಮಾದರಿಯ ಏಳು ಪದರಗಳನ್ನು ಉರು ಹೊಡೆಯುತ್ತೀರಿ. ಫಿಸಿಕಲ್, ಡೇಟಾ ಲಿಂಕ್, ನೆಟ್‌ವರ್ಕ್, ಟ್ರಾನ್ಸ್‌ಪೋರ್ಟ್, ಸೆಷನ್, ಪ್ರೆಸೆಂಟೇಷನ್, ಅಪ್ಲಿಕೇಷನ್. ನೆನಪಿನಲ್ಲಿ ಉಳಿಯದಿದ್ದರೆ ಇಂಗ್ಲಿಷಿನವರು ಕಟ್ಟಿಕೊಂಡ ಒಂದು ವಾಕ್ಯ ಇದೆಯಲ್ಲ, ದಯವಿಟ್ಟು ಸಾಸೇಜ್ ಪಿಜ್ಜಾವನ್ನು ಎಸೆಯಬೇಡಿ ಎಂದು... ಅದನ್ನು ಬಾಯಿಪಾಠ ಮಾಡುತ್ತೀರಿ. ಜನ್ಮದಲ್ಲಿ ಸಾಸೇಜ್ ಕಂಡಿರದ ನಮ್ಮ ಮುದ್ದೇಬಿಹಾಳದ ಹುಡುಗನೂ ಅದನ್ನೇ ನೆಚ್ಚಿಕೊಂಡು ಅಂಕ ಗಿಟ್ಟಿಸಿ ಬರುತ್ತಾನೆ!

ಪಾಸಾಗುತ್ತೀರಿ. ಸಂತೋಷ. ಆದರೆ ಆ ಏಳರಲ್ಲಿ ಆರನೆಯದು ಏನು ಕೆಲಸ ಮಾಡುತ್ತದೆ ಎಂದು ಯಾರಾದರೂ ನಿಲ್ಲಿಸಿ ಕೇಳಿದರೆ? ಫಾರ್ಮ್ಯಾಟ್, ಎನ್‌ಕ್ರಿಪ್ಷನ್, ಕಂಪ್ರೆಷನ್ ಎಂಬ ಮೂರು ಪದ ಬಾಯಿಂದ ಉದುರುತ್ತವೆ. ಅಲ್ಲಿಗೆ ಮುಗಿಯಿತು. ಮೇಷ್ಟ್ರು ಆ ಪದರಕ್ಕೆ ಕೊಡುವುದೇ ಹತ್ತು ನಿಮಿಷ. ಅವರನ್ನು ಬೈದು ಪ್ರಯೋಜನವಿಲ್ಲ. ನೀವೆಲ್ಲ ಓದುವ ತಾನೆನ್‌ಬಾಮ್ ಪುಸ್ತಕವೇ ಐದು ಮತ್ತು ಆರನೇ ಪದರಗಳು ಹೆಚ್ಚುಕಡಿಮೆ ಖಾಲಿ ಎಂದು ಟೀಕೆ ಮಾಡುತ್ತದೆ. ಇಂಟರ್‌ನೆಟ್ ನಡೆಯುತ್ತಿರುವ ಟಿಸಿಪಿ/ಐಪಿ ಕಟ್ಟಡದಲ್ಲಂತೂ ಆ ಹೆಸರಿನ ಅಂತಸ್ತೇ ಇಲ್ಲ.

ಇಂಗ್ಲಿಷಿನಲ್ಲೇ ಹುಟ್ಟಿ ಇಂಗ್ಲಿಷಿನಲ್ಲೇ ಬದುಕುವವರಿಗೆ ಅದು ಖಾಲಿ ಇರಬಹುದು ಗೆಳೆಯರೇ. ಕನ್ನಡ ಏಟು ತಿಂದದ್ದು ಅಲ್ಲೇ!

ಮೊದಲು ಕಟ್ಟಡ ಹೇಗಿದೆ ನೋಡೋಣ. ತೀರ್ಥಹಳ್ಳಿಯಿಂದ ಅಜ್ಜಿ ಬೆಂಗಳೂರಿನ ಮೊಮ್ಮಗನಿಗೆ ಮಿಡಿ ಉಪ್ಪಿನಕಾಯಿ ಕಳಿಸುತ್ತಾಳೆ. ಜಾಡಿಗೆ ಬಟ್ಟೆ ಬಿಗಿದು, ರಟ್ಟಿನ ಡಬ್ಬಿಗೆ ಇಟ್ಟು, ಜೊತೆಗೊಂದು ಚೀಟಿ ಬರೆದು, ಮೇಲೆ ವಿಳಾಸ ಅಂಟಿಸಿ ಬಸ್ಸಿಗೆ ಹಾಕಿಸುತ್ತಾಳೆ. ಕಂಡಕ್ಟರಿಗೆ ಒಳಗಿರುವುದು ಮಾವಿನಮಿಡಿಯೋ ನಿಂಬೆಯೋ ಬೇಕಿಲ್ಲ. ಶಿವಮೊಗ್ಗದಲ್ಲಿ ಬಸ್ಸು ಬದಲಾದರೆ ಅಲ್ಲಿಯವನೂ ವಿಳಾಸ ಮಾತ್ರ ನೋಡಿ ಮುಂದಿನ ಬಸ್ಸಿಗೆ ಏರಿಸುತ್ತಾನೆ. ನಿಮ್ಮ ಪುಸ್ತಕದ ಎನ್‌ಕ್ಯಾಪ್ಸುಲೇಷನ್ ಎಂಬ ಭಯಂಕರ ಪದದ ಅರ್ಥ ಇಷ್ಟೇ. ಪ್ರತಿ ಪದರವೂ ಮೇಲಿನಿಂದ ಬಂದದ್ದನ್ನು ಬಿಚ್ಚದೆ ತನ್ನದೊಂದು ಹೊದಿಕೆ ಸುತ್ತುತ್ತದೆ. ಆಚೆ ತುದಿಯಲ್ಲಿ ಅದೇ ಪದರ ಆ ಹೊದಿಕೆಯನ್ನು ಬಿಚ್ಚುತ್ತದೆ. ಐಪಿ ಎಂದರೆ ಬಸ್ಸು. ತಲುಪಿಸಲು ನೋಡುತ್ತೇನೆ ಎನ್ನುತ್ತದೆಯೇ ಹೊರತು ತಲುಪಿಸಿಯೇ ತೀರುತ್ತೇನೆ ಎಂಬ ಮಾತು ಕೊಡುವುದಿಲ್ಲ. ಡಬ್ಬಿ ದಾರಿಯಲ್ಲಿ ಕಳೆದುಹೋದರೆ ಗೊತ್ತುಮಾಡಿಕೊಂಡು ಇನ್ನೊಂದು ಕಳಿಸುವುದು, ಇಪ್ಪತ್ತು ಡಬ್ಬಿ ಹಿಂದುಮುಂದಾಗಿ ಬಂದರೆ ಸಂಖ್ಯೆ ನೋಡಿ ಸಾಲಾಗಿ ಜೋಡಿಸುವುದು, ಇವು ಟಿಸಿಪಿಯ ಕೆಲಸ. ಆ ಟಿಸಿಪಿ ಮಾತು ಶುರು ಮಾಡುವ ರೀತಿ ನಮ್ಮ ಊರಿನ ಕೆಟ್ಟ ಫೋನ್ ಲೈನಿನಂತೆಯೇ. 'ಕೇಳಿಸ್ತಿದೆಯಾ?' 'ಹ್ಞೂಂ ಕೇಳಿಸ್ತಿದೆ, ನಿಂಗೆ ಕೇಳಿಸ್ತಿದೆಯಾ?' 'ಹ್ಞೂಂ, ಕೇಳಿಸ್ತಿದೆ.' ಇದೇ ಮೂರು ಹೆಜ್ಜೆಯ ಹ್ಯಾಂಡ್‌ಶೇಕ್. ಇದನ್ನು ಇಂಗ್ಲಿಷಿನಲ್ಲಿ ಎರಡು ಪುಟ ಬರೆದು ಅರ್ಥವಾಗದೆ ತಲೆ ಚಚ್ಚಿಕೊಳ್ಳುವ ಹುಡುಗರನ್ನು ನಾವು ನೋಡಿದ್ದೇವೆ.

ಇಲ್ಲಿಯವರೆಗೆ ಭಾಷೆಯ ಮಾತೇ ಬಂದಿಲ್ಲ, ಗಮನಿಸಿ. ರೂಟರಿಗೆ ಭಾಷೆ ಇಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕೂತು 'ಹಿಂದಿ ಮೇ ಬೋಲೋ' ಅನ್ನುವ ಜಾತಿಗೆ ಅದು ಸೇರಿದ್ದಲ್ಲ. ಸೊನ್ನೆ ಒಂದುಗಳನ್ನು ದಾಟಿಸುತ್ತದೆ, ಅಷ್ಟೇ. ಆದರೆ ಅಜ್ಜಿ ಡಬ್ಬಿಯಲ್ಲಿಟ್ಟ ಚೀಟಿ ಕನ್ನಡದಲ್ಲಿದೆಯಲ್ಲ! ಯಾವ ಸಂಖ್ಯೆ ಬಂದರೆ ಯಾವ ಅಕ್ಷರ ಎಂದು ಎರಡು ತುದಿಯವರೂ ಮೊದಲೇ ಒಪ್ಪಿಕೊಂಡಿರಬೇಕು. ಆ ಒಪ್ಪಂದವೇ ಪ್ರೆಸೆಂಟೇಷನ್. ನೀವು ಹಾರಿಸಿ ಓದಿದ ಆರನೇ ಪದರ.

ಆ ಒಪ್ಪಂದ ಆಗುವಾಗ ಕನ್ನಡದವರು ಯಾರೂ ಅಲ್ಲಿರಲಿಲ್ಲ. 1963ರಲ್ಲಿ ಅಮೆರಿಕದಲ್ಲಿ ಆಸ್ಕಿ ಎಂಬ ಪಟ್ಟಿ ಮಾಡಿದರು. ಏಳು ಬಿಟ್, 128 ಮನೆ. ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ, ಯಂತ್ರಕ್ಕೆ ಬೇಕಾದ ಒಂದಷ್ಟು ಸಂಜ್ಞೆಗಳು, ಮನೆ ಭರ್ತಿ. ಇಂಟರ್‌ನೆಟ್ಟಿನ ಅಜ್ಜನಾದ ಆರ್ಪಾನೆಟ್ 1969ರಲ್ಲಿ ಶುರುವಾದಾಗ ಅದೇ ಪಟ್ಟಿಯನ್ನು ಎತ್ತಿಕೊಂಡಿತು. 1982ರಲ್ಲಿ ಮಿಂಚಂಚೆಯ ನಿಯಮ ಬರೆದಾಗಲೂ ಅದೇ ಏಳು ಬಿಟ್. 1987ರ ಡೊಮೇನ್ ಹೆಸರುಗಳ ವ್ಯವಸ್ಥೆಯಲ್ಲಿ ರೂಢಿಗೆ ಬಂದದ್ದೂ ಇಂಗ್ಲಿಷ್ ಅಕ್ಷರ, ಅಂಕಿ, ನಡುವೆ ಒಂದು ಅಡ್ಡಗೀಟು. ಬೆಂಗಳೂರು ಆಗ ನಿದ್ದೆ ಮಾಡುತ್ತಿತ್ತೇ? ಇಲ್ಲ ಸ್ವಾಮಿ! 1985ರಲ್ಲೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದು ಉಪಗ್ರಹ ಸಂಪರ್ಕ ಹಾಕಿಕೊಂಡಿತ್ತು. 1986ರಲ್ಲಿ ಶುರುವಾದ ಎರ್ನೆಟ್ ಜಾಲದ ಮೊದಲ ಸಂಸ್ಥೆಗಳಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ತಂತಿ ನಮ್ಮ ಅಂಗಳಕ್ಕೇ ಬಂದಿತ್ತು. ಅಕ್ಷರ ಮಾತ್ರ ಬರಲಿಲ್ಲ.

ಹಾಗಾಗಿ ಆಮೇಲೆ ಬಂದ ಕನ್ನಡ ಫಾಂಟುಗಳು ಒಂದು ಉಪಾಯ ಮಾಡಿದವು. ಇಂಗ್ಲಿಷ್ ಅಕ್ಷರದ ಸಂಖ್ಯೆಯ ಮೇಲೆ ಕನ್ನಡದ ಚಿತ್ರ ಕೂರಿಸಿದವು. ಪರದೆಯ ಮೇಲೆ ಚೆಂದದ ಕನ್ನಡ, ಒಳಗೆ ಪರಭಾಷೆಯ ಸಂಖ್ಯೆ. ಒಬ್ಬೊಬ್ಬರದು ಒಂದೊಂದು ಪಟ್ಟಿ. ನಮ್ಮ ಪತ್ರಿಕೆಗೆ ಇವತ್ತಿಗೂ ಅಂಥ ಹಳೆಯ ಫಾಂಟಿನಲ್ಲಿ ಬೆರಳಚ್ಚಾದ ಲೇಖನಗಳು ಬರುತ್ತವೆ. ತೆರೆದರೆ 'ಕನ್ನಡ' ಎಂಬ ಪದವಿರಬೇಕಾದ ಜಾಗದಲ್ಲಿ ಪೌಂಡಿನ ಚಿಹ್ನೆ, ತಲೆಮೇಲೆ ಗೀಟು ಹೊತ್ತ ಯುರೋಪಿನ ಅಕ್ಷರಗಳು! ಕನ್ನಡದ ಉಳಿವಿನ ಬಗ್ಗೆ ಬರೆದ ಲೇಖನ ಇಂಗ್ಲೆಂಡಿನ ದುಡ್ಡಿನ ಗುರುತಾಗಿ ಕೂತಿರುತ್ತದೆ. ನಗಬೇಕೋ ಅಳಬೇಕೋ.

ಇದಕ್ಕೆ ಮದ್ದು ಬಂದದ್ದು ಯೂನಿಕೋಡ್‌ನಿಂದ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತು, 3200ರಿಂದ 3327ರವರೆಗೆ, 128 ಮನೆ. 'ಕ' ಅಕ್ಷರದ ಮನೆ ನಂಬರು 3221. ಜಗತ್ತಿನ ಯಾವ ಮೂಲೆಗೆ ಹೋದರೂ ಅದೇ ನಂಬರು. ಇದನ್ನು ತಂತಿಯ ಮೇಲೆ ಸಾಗಿಸುವ ಯುಟಿಎಫ್-8 ಎಂಬ ವಿಧಾನವನ್ನು 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದರು. ಅದರ ಪ್ರಕಾರ 127ರವರೆಗಿನ ಸಂಖ್ಯೆಗೆ ಒಂದು ಬೈಟ್, 2047ರವರೆಗೆ ಎರಡು, ಅದರಾಚೆ ಮೂರು. ಕನ್ನಡಕ್ಕೆ ಮೂರು. 'ಕ' ಎಂದರೆ 224, 178, 149. 'ಕನ್ನಡ' ಎಂಬ ಪದದಲ್ಲಿ ಕಣ್ಣಿಗೆ ಮೂರು ಅಕ್ಷರ. ಒಳಗೆ ಕ, ನ, ವಿರಾಮ, ನ, ಡ ಎಂದು ಐದು ಸಂಕೇತ. ತಂತಿಯಲ್ಲಿ 15 ಬೈಟ್. ಅದೇ ಪದ ಜಾಲತಾಣದ ವಿಳಾಸದಲ್ಲಿ ಬಂದರೆ ಪ್ರತಿ ಬೈಟಿಗೂ ಮೂರು ಚಿಹ್ನೆಯಂತೆ 45. ಕನ್ನಡ ವಿಕಿಪೀಡಿಯದ ಕೊಂಡಿಯನ್ನು ಗೆಳೆಯರಿಗೆ ಕಳಿಸಿದಾಗ ಅದು ರೈಲಿನಂತೆ ಉದ್ದ ಆಗುವುದು ಇದಕ್ಕೇ.

ಇದರಲ್ಲಿ ಪಿತೂರಿ ಹುಡುಕಲು ಹೋಗಬೇಡಿ. ಹಳೆಯ ಆಸ್ಕಿ ಕೆಡದಂತೆ ಹೊಸದನ್ನು ಕೂರಿಸಬೇಕಿತ್ತು, ಕೂರಿಸಿದರು. ಅಂದಹಾಗೆ ಹಿಂದಿಗೂ ಮೂರೇ ಬೈಟ್! ರಾಷ್ಟ್ರಭಾಷೆ ಎಂದು ಬೊಗಳೆ ಬಿಡುವವರಿಗೆ ಇಲ್ಲಿ ಅರ್ಧ ಬೈಟಿನ ರಿಯಾಯಿತಿಯೂ ಇಲ್ಲ.

ಆದರೆ ಪಿತೂರಿ ಇಲ್ಲದೆಯೂ ಅನ್ಯಾಯ ಆಗುತ್ತದೆ. ಮೊಬೈಲಿನ ಎಸ್ಎಂಎಸ್ ನೋಡಿ. ಒಂದು ಸಂದೇಶಕ್ಕೆ 140 ಬೈಟ್. ಇಂಗ್ಲಿಷಿಗೆ ಏಳು ಬಿಟ್ಟಿನ ಲೆಕ್ಕದಲ್ಲಿ 160 ಅಕ್ಷರ ಹಿಡಿಯುತ್ತದೆ. ಕನ್ನಡ ಬರೆದಿರೋ ಹದಿನಾರು ಬಿಟ್ಟಿನ ಲೆಕ್ಕಕ್ಕೆ ಬಿದ್ದು 70. ಆ ಎಪ್ಪತ್ತರಲ್ಲೂ ಗುಣಿತ, ಒತ್ತಿನ ವಿರಾಮ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಒಂದು ಸಂದೇಶಕ್ಕೆ ಇಷ್ಟು ಪೈಸೆ ಎಂದು ಕೊಡುತ್ತಿದ್ದ ಕಾಲದಲ್ಲಿ ಒಂದು ಇಡೀ ಪೀಳಿಗೆ 'ಊಟ ಆಯ್ತಾ' ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು ಕಲಿತಿತು. ಅಭಿಮಾನ ಇಲ್ಲದೆ ಹಾಗೆ ಬರೆದರು ಎಂದು ನಾವೂ ಆಗ ಬೈದೆವು. ಕೈಯಲ್ಲಿದ್ದ ಫೋನೇ ಕನ್ನಡಕ್ಕೆ ದಂಡ ಹಾಕುತ್ತಿತ್ತು ಎಂಬುದು ನಮಗೂ ತಿಳಿದಿರಲಿಲ್ಲ. ಆಮೇಲೆ ಅದೇ ಮಾನದಂಡಕ್ಕೆ ಕನ್ನಡದ ಏಳು ಬಿಟ್ಟಿನ ಕೋಷ್ಟಕವೂ ಸೇರಿತು. ಅಷ್ಟರಲ್ಲಿ ಬೆರಳುಗಳಿಗೆ ಅಭ್ಯಾಸ ಕೂತಾಗಿತ್ತು.

ಇನ್ನೊಂದು ಉದಾಹರಣೆ, ನಿಮ್ಮ ಕೈಯಲ್ಲೇ ನಡೆಯುವಂಥದ್ದು. ಅರ್ಜಿ ನಮೂನೆಯ ತಂತ್ರಾಂಶ ಬರೆಯುವವನು ಹೆಸರಿಗೆ 20 ಬೈಟ್ ಸಾಕು ಅಂದುಕೊಳ್ಳುತ್ತಾನೆ. 'ಪುಟ್ಟಸ್ವಾಮಿ' ಎಂದು ಬರೆಯಲು 11 ಸಂಕೇತ, 33 ಬೈಟ್ ಬೇಕು. ಇಪ್ಪತ್ತಕ್ಕೆ ಕತ್ತರಿಸಿದರೆ ಉಳಿಯುವುದು 'ಪುಟ್ಟಸ', ಪಕ್ಕದಲ್ಲಿ ಒಂದು ಮುರಿದ ಚೌಕ. ಪುಟ್ಟಸ್ವಾಮಿ ಕಚೇರಿಗೆ ಹೋಗಿ ಕೇಳಿದರೆ 'ಸಿಸ್ಟಮ್ ಕನ್ನಡ ತಗೊಳ್ಳಲ್ಲ ಸಾರ್, ಇಂಗ್ಲಿಷಲ್ಲಿ ಬರ್ಕೊಡಿ' ಎನ್ನುತ್ತಾರೆ. ಸಿಸ್ಟಮ್ ತಗೊಳ್ಳುತ್ತದೆ! ತಗೊಳ್ಳದಂತೆ ಬರೆದವನು ಒಬ್ಬ ಇಂಜಿನಿಯರ್. ಬೆಂಗಳೂರಿನಲ್ಲಿ ಕೂತ ಕನ್ನಡದ ಹುಡುಗನೇ ಇರಬಹುದು, ಆರನೇ ಪದರವನ್ನು ಹತ್ತು ನಿಮಿಷ ಓದಿ ಪಾಸಾದವನು. 2012ರಿಂದ ಮಿಂಚಂಚೆ ವಿಳಾಸವನ್ನೇ ಪೂರ್ತಿ ಕನ್ನಡ ಅಕ್ಷರದಲ್ಲಿ ಇಟ್ಟುಕೊಳ್ಳಲು ಪ್ರೋಟೋಕಾಲ್ ಇದೆ. ಎಷ್ಟು ಅರ್ಜಿ ನಮೂನೆಗಳು ಅಂಥ ವಿಳಾಸವನ್ನು ಒಪ್ಪುತ್ತವೆ, ನೀವೇ ಹಾಕಿ ನೋಡಿ.

ಡೊಮೇನ್ ಹೆಸರಿನ ಕಥೆಯನ್ನಂತೂ ಬಿಡಿಸಿ ಹೇಳಲೇಬೇಕು. ಇಂಗ್ಲಿಷ್ ಬಿಟ್ಟು ಬೇರೆ ಲಿಪಿಯ ಹೆಸರುಗಳಿಗೆ 2003ರಲ್ಲಿ ನಿಯಮ ಬಂತು. ಕನ್ನಡದ ಹೆಸರನ್ನು ಪ್ಯೂನಿಕೋಡ್ ಎಂಬ ಲೆಕ್ಕದಿಂದ ಇಂಗ್ಲಿಷ್ ಅಕ್ಷರಗಳ ಒಗಟಾಗಿ ತಿರುಗಿಸಿ ಸಾಗಿಸುವುದು. ಸರಿ. ಆದರೆ ಆ ನಿಯಮ ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಕಸವೆಂದು ಎಸೆಯುತ್ತಿತ್ತು. ನಾವು 'ನೆಟ್‌ವರ್ಕ್' ಎಂದು ಬರೆಯುವಾಗ 'ಟ್' ಆದ ಮೇಲೆ 'ವ' ಒತ್ತಾಗಿ ಕೆಳಗಿಳಿಯದಂತೆ ತಡೆಯುವ ಚಿಹ್ನೆ ಅದು. ಅದನ್ನು ಕಿತ್ತರೆ 'ನೆಟ್ವರ್ಕ್' ಆಗುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ನೆಟ್‌ವರ್ಕ್ ಎಂಬ ಪದವನ್ನೇ ನೆಟ್‌ವರ್ಕು ಸರಿಯಾಗಿ ಸಾಗಿಸುತ್ತಿರಲಿಲ್ಲ! 2010ರಲ್ಲಿ ನಿಯಮ ತಿದ್ದಿ, ವಿರಾಮದ ನಂತರ ಬಂದರೆ ಆ ಚಿಹ್ನೆಗೆ ಜಾಗ ಉಂಟು ಎಂದರು. ವಿರಾಮ ಎಂದರೇನು, ಒತ್ತಕ್ಷರ ಎಂದರೇನು ಎಂದು ತಿಳಿಯದೆ ಆ ಸಾಲನ್ನು ಬರೆಯುವುದು ಸಾಧ್ಯವಿಲ್ಲ.

ಇನ್ನು 2011. ಇಂಡಿಯಾದ ಭಾಷೆಗಳಲ್ಲಿ ದೇಶದ ಡೊಮೇನಿಗೆ ಐಕ್ಯಾನ್ ಒಪ್ಪಿಗೆ ಕೊಟ್ಟಿತು. ಮೊದಲ ಕಂತಿನಲ್ಲಿ ಏಳು ಭಾಷೆ: ಹಿಂದಿ, ಉರ್ದು, ಬಂಗಾಳಿ, ಪಂಜಾಬಿ, ಗುಜರಾತಿ, ತಮಿಳು, ತೆಲುಗು. ಎಡಕ್ಕೆ ತಮಿಳು ಇತ್ತು, ಬಲಕ್ಕೆ ತೆಲುಗು ಇತ್ತು. ಕನ್ನಡ ಇರಲಿಲ್ಲ! '.ಭಾರತ' ಎಂಬ ಕನ್ನಡದ ಹೆಸರು ಬಂದದ್ದು ವರ್ಷಗಳ ನಂತರದ ಎರಡನೇ ಕಂತಿನಲ್ಲಿ. ದೆಹಲಿಯನ್ನು ಬೈಯುವುದು ಸುಲಭ, ಬೈಯೋಣ. ಆದರೆ ಐಟಿ ರಾಜಧಾನಿ ಎಂದು ಎದೆ ತಟ್ಟಿಕೊಳ್ಳುವ ಊರಿನಲ್ಲಿ ಅವತ್ತು ಈ ಪಟ್ಟಿಯನ್ನು ಹಿಡಿದು ಬೀದಿಗಿಳಿದವರು ಎಷ್ಟು ಜನ? ನಾವೂ ಇಳಿಯಲಿಲ್ಲ. ಒಪ್ಪಿಕೊಳ್ಳುತ್ತೇವೆ. ಎಂ.ಜಿ. ರಸ್ತೆಯ ನಾಮಫಲಕಕ್ಕೆ ಮಸಿ ಬಳಿಯುವುದು ನಮಗೆ ಗೊತ್ತಿತ್ತು. ಇದೂ ಒಂದು ನಾಮಫಲಕ ಎಂದು ಗೊತ್ತಿರಲಿಲ್ಲ. ಕನ್ನಡದ ಮತ್ತು ತೆಲುಗಿನ ಒಂದೇ ಥರ ಕಾಣುವ ಅಕ್ಷರಗಳನ್ನು ಡೊಮೇನ್ ಹೆಸರುಗಳಲ್ಲಿ ಹೇಗೆ ನಿಭಾಯಿಸಬೇಕು, ಒಂದನ್ನು ತೋರಿಸಿ ಇನ್ನೊಂದಕ್ಕೆ ಮೋಸ ಮಾಡದಂತೆ ಹೇಗೆ ತಡೆಯಬೇಕು ಎಂಬುದೂ ತಂತ್ರಜ್ಞರ ಸಮಿತಿಗಳಲ್ಲೇ ತೀರ್ಮಾನವಾಗುವ ವಿಷಯ. ಅಲ್ಲಿ ಘೋಷಣೆ ನಡೆಯುವುದಿಲ್ಲ. ಪ್ರೋಟೋಕಾಲೂ ಬರಬೇಕು, ಕನ್ನಡವೂ ಬರಬೇಕು.

ಎರಡೂ ಬರುವವರು ನಮ್ಮಲ್ಲಿ ಇಲ್ಲವೇ? ಇದ್ದರು, ಇದ್ದಾರೆ. ಕನ್ನಡದ ಕೀಲಿಮಣೆಗೆ ತರ್ಕಬದ್ಧ ವಿನ್ಯಾಸ ಕೊಟ್ಟ ಕೆ.ಪಿ. ರಾವ್ ಇದ್ದಾರೆ. ಬರಹ ತಂತ್ರಾಂಶ ಮಾಡಿದ ಶೇಷಾದ್ರಿವಾಸು ಇದ್ದಾರೆ. ಕತೆಗಾರ ಪೂರ್ಣಚಂದ್ರ ತೇಜಸ್ವಿ ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಎಷ್ಟು ತಲೆ ಕೆಡಿಸಿಕೊಂಡಿದ್ದರು! ಬೆರಳೆಣಿಕೆಯ ಇಂಥವರ ಹೆಗಲ ಮೇಲೆ ಎಲ್ಲವನ್ನೂ ಹೊರಿಸಿ ಲಕ್ಷಾಂತರ ಇಂಜಿನಿಯರುಗಳು ಕೈ ತೊಳೆದುಕೊಂಡದ್ದು ನಮ್ಮ ದೂರು.

ಈಗ ಓದಿನ ವಿಷಯ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ಸ್ಥಾಪನೆಯಾದದ್ದು ಬೆಳಗಾವಿಯಲ್ಲಿ, ಕನ್ನಡಕ್ಕಾಗಿ ಲಾಠಿ ತಿಂದ ನೆಲದಲ್ಲಿ. 2021ರಲ್ಲಿ ಎಐಸಿಟಿಇ ಪ್ರಾದೇಶಿಕ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಅನುಮತಿಯನ್ನೂ ಕೊಟ್ಟಿತು. ಅನುಮತಿ ಸಿಕ್ಕ ಕೂಡಲೇ ನಮ್ಮ ಪಂಡಿತರು ಏನು ಮಾಡುತ್ತಾರೆ ಎಂಬುದು ಗೊತ್ತೇ ಇದೆ. ಪ್ರೋಟೋಕಾಲಿಗೆ 'ಶಿಷ್ಟಾಚಾರ ಸಂಹಿತೆ', ರೂಟರಿಗೆ 'ಪಥನಿರ್ದೇಶಕ ಯಂತ್ರ' ಎಂದು ಸಂಸ್ಕೃತದ ಕಲ್ಲು ಕೆತ್ತಿ ಹುಡುಗರ ತಲೆಯ ಮೇಲೆ ಇಡುತ್ತಾರೆ. ಬೇಡ! ಪ್ಯಾಕೆಟ್ ಪ್ಯಾಕೆಟ್ಟೇ ಆಗಿರಲಿ, ಬಸ್ಸು ಬಸ್ಸಾಗಿಲ್ಲವೇ? ವಾಕ್ಯ ಕನ್ನಡದ್ದಾಗಿರಲಿ. ಯೋಚನೆ ಕನ್ನಡದ್ದಾಗಿರಲಿ. ಕನ್ನಡ ಮಾಧ್ಯಮದಿಂದ ಬಂದ ಹುಡುಗಿ ಸಂದರ್ಶನದಲ್ಲಿ ಟಿಸಿಪಿ ಬಗ್ಗೆ ತಡವರಿಸುವುದು ಅವಳಿಗೆ ಟಿಸಿಪಿ ಅರ್ಥವಾಗದ್ದರಿಂದ ಎಂದು ತಿಳಿಯಬೇಡಿ. ಅವಳಿಗೆ ಅದನ್ನು ಯಾರೂ ಒಮ್ಮೆಯೂ ಅವಳ ಭಾಷೆಯಲ್ಲಿ ಹೇಳಿಲ್ಲ. ಮೊದಲು ಕನ್ನಡದಲ್ಲಿ ಅರ್ಥಮಾಡಿಕೊಂಡರೆ ಆಮೇಲೆ ಇಂಗ್ಲಿಷಿನಲ್ಲಿ ಹೇಳುವುದು ನಾಲ್ಕು ವಾರದ ಅಭ್ಯಾಸ.

ಗೈಡುಗಳನ್ನು ಬದಿಗಿಡಿ. ಮೂಲ ನಿಯಮಗಳನ್ನೇ ಓದಿ. ಅವಕ್ಕೆ ಆರ್‌ಎಫ್‌ಸಿ ಎನ್ನುತ್ತಾರೆ, ಬಿಟ್ಟಿಯಾಗಿ ಸಿಗುತ್ತವೆ. ಐಪಿಯದು 791, 1981ರ ಸೆಪ್ಟೆಂಬರಿನದು, ಐವತ್ತು ಪುಟವೂ ಇಲ್ಲ. ಟಿಸಿಪಿಯದು 793, ಅದೇ ತಿಂಗಳಿನದು. 2022ರಲ್ಲಿ ಅದರ ಜಾಗಕ್ಕೆ 9293 ಬಂದಿದೆ. ಹಳೆಯದನ್ನು ಮೊದಲು ಓದಿ, ಕಟ್ಟಿದವರ ಮನಸ್ಸು ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಇವುಗಳಲ್ಲಿ ಮೊಟ್ಟಮೊದಲನೆಯದನ್ನು 1969ರ ಏಪ್ರಿಲ್‌ನಲ್ಲಿ ಬರೆದ ಸ್ಟೀವ್ ಕ್ರಾಕರ್ ಆಗ ನಿಮ್ಮಂತೆಯೇ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಅಧಿಕಾರ ಯಾರೂ ಕೊಟ್ಟಿರಲಿಲ್ಲ. ಅಪ್ಪಣೆ ಎಂಬ ಧ್ವನಿ ಬಾರದಿರಲಿ ಎಂದು 'ಅಭಿಪ್ರಾಯ ತಿಳಿಸಿ' ಎಂಬ ಅರ್ಥದ ಸಾಧು ಹೆಸರಿಟ್ಟರು. ಅದೇ ಇವತ್ತು ಲೋಕದ ಕಾನೂನು! ಇವನ್ನು ರೂಪಿಸುವ ಐಇಟಿಎಫ್ ಎಂಬ ಕೂಟಕ್ಕೆ ಸದಸ್ಯತ್ವದ ಚೀಟಿ ಬೇಕಿಲ್ಲ. ಅಲ್ಲಿ ಓಟು ಹಾಕಿ ತೀರ್ಮಾನಿಸುವುದಿಲ್ಲ; ವಾದ ಗಟ್ಟಿಯಿರಬೇಕು, ಬರೆದ ಕೋಡ್ ಓಡಬೇಕು. ಶಿಫಾರಸು ಪತ್ರಕ್ಕೆ ಶಾಸಕರ ಮನೆ ಬಾಗಿಲು ಕಾಯಬೇಕಾಗಿಲ್ಲ.

ಓದಿದ್ದನ್ನು ಕಣ್ಣಾರೆ ನೋಡಿ. ಹಾಸ್ಟೆಲಿನಲ್ಲಿ ಇಬ್ಬರು ಎರಡು ಲಿನಕ್ಸ್ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದೇ ವೈಫೈಗೆ ಸೇರಿ. ನೆಟ್‌ಕ್ಯಾಟ್‌ನಿಂದ ಒಂದಕ್ಕೊಂದು ಸಂಪರ್ಕ ಹಾಕಿ. ವೈರ್‌ಶಾರ್ಕ್ ತೆರೆದಿಡಿ. ಮೊದಲು ಮೂರು ಪ್ಯಾಕೆಟ್ ಓಡಾಡುತ್ತವೆ, ಅದೇ ನಮ್ಮ 'ಕೇಳಿಸ್ತಿದೆಯಾ'. ಆಮೇಲೆ 'ಕ' ಎಂದು ಬರೆದು ಎಂಟರ್ ಒತ್ತಿ. ಹದಿನಾರರ ಲೆಕ್ಕದಲ್ಲಿ ಇ-ಸೊನ್ನೆ, ಬಿ-ಎರಡು, ಒಂಬತ್ತು-ಐದು, ಸಾಲು ಮುಗಿಸಿದ್ದಕ್ಕೆ ಸೊನ್ನೆ-ಎ, ಹೀಗೆ ನಾಲ್ಕು ಬೈಟ್ ಕಾಣುತ್ತವೆ. ಅದರ ಸುತ್ತ ಟಿಸಿಪಿಯ ಹೊದಿಕೆ, ಅದರ ಸುತ್ತ ಐಪಿಯ ಹೊದಿಕೆ, ಅದರಾಚೆ ಇನ್ನೊಂದು. ಒಂದು ಸಂಜೆಯ ಕೆಲಸ. ಸಿನಿಮಾ ಟಿಕೆಟ್ಟಿನಷ್ಟೂ ಖರ್ಚಿಲ್ಲ.

ಮಾಡಿ ನೋಡಿದ್ದನ್ನು ಕನ್ನಡದಲ್ಲಿ ಬರೆದು ಕಳಿಸಿ. ಚಿತ್ರ ಇದ್ದರೆ ಅದನ್ನೂ. ಮುಂದಿನ ಸಂಚಿಕೆಯಿಂದ ಮೂರನೇ ಪುಟದ ಕೆಳಗಿನ ಅರ್ಧ ಇದಕ್ಕೇ ಮೀಸಲು. ಯೂನಿಕೋಡ್‌ನಲ್ಲೇ ಕಳಿಸಿ ಮಾರಾಯ್ರೆ, ಆ ಪೌಂಡಿನ ಚಿಹ್ನೆ ನೋಡಿ ನೋಡಿ ನಮ್ಮ ಕಂಪೋಸಿಂಗ್ ಹುಡುಗನಿಗೆ ಸಾಕಾಗಿದೆ.